ಜ್ವರವಿಲ್ಲದ ಸಿಲಿಂಡರ್

ಸಣ್ಣ ವಿಮಾನದ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳು ಎರಡು. ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್. ಒಂದು ಕೈಕೊಟ್ಟರೆ ಇನ್ನೊಂದು ನಮ್ಮನ್ನು ನೆಲ ಮುಟ್ಟಿಸಲಿ ಎಂದು ಈ ಏರ್ಪಾಡು. ಆದರೆ ಎರಡೂ ಕೂಡಿ ಓಡುವಾಗ ಒಂದರ ಕಾಯಿಲೆಯನ್ನು ಇನ್ನೊಂದು ಮುಚ್ಚಿಡುತ್ತದೆ. ಅದಕ್ಕೇ ಹಾರುವ ಮೊದಲು ಒಂದೊಂದನ್ನೇ ಆರಿಸಿ ನೋಡಬೇಕು.

ನಾನು ಕಲಿಯುತ್ತಿದ್ದ ಸೆಸ್ನಾ 172ರಲ್ಲಿ ಈ ಪರೀಕ್ಷೆ ನಿಮಿಷಕ್ಕೆ 1700 ಸುತ್ತಿನಲ್ಲಿ. ಒಂದನ್ನು ಆರಿಸಿದಾಗ 125ಕ್ಕಿಂತ ಹೆಚ್ಚು ಇಳಿಯಬಾರದು. ಅಂದು ಬಲದ್ದು ಸರಿಯಿತ್ತು. ಎಡದ್ದೊಂದರಲ್ಲೇ ಓಡಿಸಿದಾಗ ಮುಳ್ಳು 300ರಷ್ಟು ಇಳಿಯಿತು, ಸೀಟೇ ನಡುಗಿತು. ಪ್ಲಗ್ಗಿಗೆ ಹಿಡಿದ ಸೀಸದ ಕಿಟ್ಟ ಸುಟ್ಟುಹೋಗಲೆಂದು ಪೆಟ್ರೋಲಿನ ಪಾಲು ಕಡಿಮೆ ಮಾಡಿ, ವೇಗ ಏರಿಸಿ ಕಾದೆ. ಮತ್ತೆ ಅದೇ ನಡುಕ. ಎರಡನ್ನೂ ಹಾಕಿದರೆ ಮಾತ್ರ ಎಂಜಿನ್ ನಯವಾಗಿ ಓಡುತ್ತಿತ್ತು. ಲೈಸೆನ್ಸಿಗೆ ಒಂಟಿ ಹಾರಾಟದ ಗಂಟೆಗಳು ಬಾಕಿಯಿದ್ದವು; ಗಂಟೆಗಂಟೆಗೂ ಕಟ್ಟುತ್ತಿದ್ದದ್ದು ಅಪ್ಪನ ಸಾಲದ ಹಣ. ಆದರೂ ಹ್ಯಾಂಗರಿಗೆ ಹಿಂತಿರುಗಿಸಿದೆ.

ಎಂಜಿನ್ ಪೂರ್ತಿ ಆರುವವರೆಗೆ ಮೆಕ್ಯಾನಿಕ್ಕು ಅದನ್ನು ಮುಟ್ಟಲಿಲ್ಲ. ಆಮೇಲೆ ಎಡ ಮ್ಯಾಗ್ನೆಟೊ ಒಂದರಲ್ಲೇ ತುಸು ಹೊತ್ತು ಓಡಿಸಿ ನಿಲ್ಲಿಸಿದರು. ಕೀಲಿ ತೆಗೆದು ಜೇಬಿಗಿಟ್ಟುಕೊಂಡು, ನಾಲ್ಕೂ ಸಿಲಿಂಡರಿನ ಹೊಗೆ ಕೊಳವೆಗಳ ಬಳಿ ಅಂಗೈ ಒಯ್ದರು. ಮೂರು ಬಿಸಿ, ಒಂದು ತಣ್ಣಗೆ.

"ಇಲ್ಲಿ ಜ್ವರ ಇಲ್ಲದವನೇ ಕಾಯಿಲೆಯವನು ನೋಡಪ್ಪ" ಎಂದರು.

ಅದರ ಪ್ಲಗ್ ಬಿಚ್ಚಿದರೆ ಒಳಗಿನ ಪಿಂಗಾಣಿ ಬಿರುಕು ಬಿಟ್ಟಿತ್ತು. ಹೊಸದನ್ನು ಹಾಕಿದ ಮೇಲೆ ಇಳಿತ 75ಕ್ಕೆ ಬಂತು, ನಡುಕ ನಿಂತಿತು. ಅಷ್ಟರಲ್ಲಿ ನನ್ನ ಸರದಿ ಕಳೆದು, ಸಂಜೆಯ ಬೆಳಕೂ ಹೋಗಿತ್ತು.