‘ಬರ್ತೀನಿ’ ಬೇರೆ, ‘ಬಂದೇನು’ ಬೇರೆ

ಗೆಳತಿಯರೇ, ಇಂಗ್ಲಿಷಿನ ಮೇ, ಶುಡ್, ಮಸ್ಟ್ ಕಂಡರೆ ನಿಮಗೂ ಗಾಬರಿಯೇ? ಅವುಗಳ ಕೆಲಸವನ್ನು ನಮ್ಮ ಕನ್ನಡ ಕ್ರಿಯಾಪದದ ಬಾಲ ದಿನವೂ ಮಾಡುತ್ತಿದೆ, ನೋಡಿ!

ಹೊಳಲ್ಕೆರೆಯಲ್ಲಿ ಕಾಯುತ್ತಾ, ‘ಹೊಸದುರ್ಗದ ಬಸ್ಸು ಇನ್ನು ಹತ್ತು ನಿಮಿಷಕ್ಕೆ ಬರಬೇಕು’ ಅಂತೀವಲ್ಲ, ಅದು ಶುಡ್. ಬಿಸಿಲು ನೋಡಿ, ‘ಹನ್ನೆರಡು ಗಂಟೆ ಆಗಿರಬೇಕು’ ಅಂದರೆ ಮಸ್ಟ್. ನಮ್ಮ ಒಂದೇ ‘ಬೇಕು’ ಅಲ್ಲಿ ಎರಡಾಗುತ್ತದೆ, ಅಷ್ಟೇ.

ಬೆಂಗಳೂರಿನಲ್ಲಿರುವ ನನ್ನ ಮಗ, ‘ಐ ಮೇ ಕಮ್ ಆನ್ ಸಂಡೇ’ ಎಂದು ಬರೆಯುತ್ತಾನೆ. ಮೇ ಎಂದರೆ ‘ಬಂದೇನು’. ‘ಬರ್ತೀನಿ’ ಅನ್ನಲು ವಿಲ್ ಬೇಕು. ಅದಕ್ಕೇ ನಾನು ಬೇಳೆ ಆರಿಸಿಡುತ್ತೇನೆ. ಹೂರಣ ರುಬ್ಬುವುದು ಅವನು ಬಸ್ ಹತ್ತಿದ ಸುದ್ದಿ ಬಂದ ಮೇಲೆ! ಬಾರದಿದ್ದರೆ ಹೋಳಿಗೆಯೂ ಹಾಳಾಗದು, ಮನಸ್ಸೂ ಮುರಿಯದು.

ಹಾಗೆಂದು ಮೇ ಎಂದರೆ ‘ಇಲ್ಲ’ ಎಂದಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕೆ? ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಪ್ರತಿ ಮಳೆಗಾಲವೂ ‘ಈ ಸಲ ತುಂಬೀತು’ ಎಂಬ ಆಸೆಯೇ. 89 ವರ್ಷ ಕಳೆದು, 2022ರಲ್ಲಿ ಮತ್ತೆ ಕೋಡಿ ಹರಿಯಿತು!

ಮಕ್ಕಳಿಗೆ ಈ ಪಾಠ ಹೇಳುವಾಗ ಮೊದಲು ಕನ್ನಡದ ಬಾಲ ಹಿಡಿಯಿರಿ. ಇಂಗ್ಲಿಷ್ ತಾನಾಗಿ ಬಂದೀತು.