ಕೋವಿಯ ಮೇಲಿನ ಹಕ್ಕಿ

ಕೈಲ್ ಪೊಳ್ದ್ ಹಬ್ಬಕ್ಕೆ ಎರಡು ವಾರವಿರುವಾಗ ನನ್ನ ತಮ್ಮನ ಮಗ ಐನ್‌ಮನೆಗೆ ಬಂದಿದ್ದ. ಗೋಡೆಯ ಮೇಲಿನ ಹಳೆಯ ಜೋಡುನಳಿಗೆಯ ಕೋವಿಯನ್ನು ನೋಡಿ, "ದೊಡ್ಡಪ್ಪ, ಇದನ್ನು ಈ ಸಲ ಚೆನ್ನಾಗಿ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿಬಿಡೋಣವೆ?" ಎಂದ. ಕೈಯಲ್ಲಿ ಹಿತ್ತಾಳೆ ಪಾತ್ರೆ ಬೆಳಗುವ ಪಾಲಿಶ್ ಡಬ್ಬಿ. ನಾನು ಮೊದಲು ಆ ಡಬ್ಬಿಯನ್ನು ಕಿತ್ತುಕೊಂಡೆ.

ಕೊಡಗಿನವರಿಗೆ ಹೇಳಬೇಕಾಗಿಲ್ಲ, ಹೊರಗಿರುವ ನನ್ನ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ಸೆಪ್ಟೆಂಬರ್ ಆರಂಭದ ಈ ಹಬ್ಬದಲ್ಲಿ ನಾವು ಆಯುಧಗಳನ್ನು ಪೂಜಿಸಿ, ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತೇವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು.

ನಮ್ಮದು ಹನ್ನೆರಡು ಬೋರಿನ ಇಂಗ್ಲಿಷ್ ಕೋವಿ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ ಒಂದೊಂದರ ವ್ಯಾಸವೇ ನಳಿಗೆಯ ವ್ಯಾಸ ಎಂಬುದು ಆ ಲೆಕ್ಕ. (ಮೇಷ್ಟರ ಚಾಳಿ, ಕ್ಷಮಿಸಿ.) ಕುದುರೆಗಳ ಕೆಳಗೆ ಎರಡೂ ಬದಿಯ ಉಕ್ಕಿನ ಫಲಕಗಳ ಮೇಲೆ ಬಳ್ಳಿಬಳ್ಳಿಯಾದ ಕೆತ್ತನೆ. ಎಡಫಲಕದಲ್ಲಿ ಜೊಂಡಿನ ನಡುವಿನಿಂದ ಮೇಲೇಳುವ ಒಂದು ಹಕ್ಕಿ. ಬಲಫಲಕದಲ್ಲಿಯೂ ಅಂಥದೇ ಹಕ್ಕಿ ಇತ್ತು. ಈಗ ಇರುವುದು ಅರ್ಧ ರೆಕ್ಕೆ, ಎರಡು ಜೊಂಡಿನ ಎಸಳು.

1971ರಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ತಂದೆಯವರು ವಿರಾಜಪೇಟೆಗೆ ಹೋಗಿದ್ದ ದಿನ, ಹಬ್ಬಕ್ಕೆಂದು ಕೋವಿಯನ್ನು ಶುಚಿಮಾಡಿ ಅವರನ್ನು ಮೆಚ್ಚಿಸಬೇಕೆಂದು ಹೊರಟೆ. ಮೊದಲು ಹುಣಸೆಹಣ್ಣು ಮತ್ತು ಬೂದಿ. ಕಪ್ಪು ಹೋಗಲಿಲ್ಲವೆಂದು ಉಪ್ಪುಕಾಗದ. ಫಲಕ ಬೆಳ್ಳಿಯಂತೆ ಹೊಳೆಯಿತು. ಹಕ್ಕಿ ಮಾಯವಾಗುತ್ತಿದ್ದುದು ನನಗೆ ಕಾಣಿಸಲೇ ಇಲ್ಲ. ಸಂಜೆ ತಂದೆಯವರು ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಎಣ್ಣೆ ಸವರಿ ಇಟ್ಟರು. ಆ ಹಬ್ಬದಲ್ಲಿ ಕೋವಿಯ ಬಲಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ ಪೂಜೆಗಿಟ್ಟರು. ಅವರು ತೀರಿಕೊಳ್ಳುವವರೆಗೂ ಪ್ರತಿ ವರ್ಷ ಹಾಗೆಯೇ ಇಟ್ಟರು. ನಾನೂ ಏನೂ ಕೇಳಲಿಲ್ಲ.

ಅಂದು ನಾನು ಕೊಳೆಯೆಂದು ತಿಳಿದಿದ್ದು ಕೊಳೆಯಾಗಿರಲಿಲ್ಲ. ಮೂಳೆಯ ಇದ್ದಿಲಿನೊಡನೆ ಕೆಂಪಗೆ ಕಾಯಿಸಿ ನೀರಿಗದ್ದಿದಾಗ ಲೋಹಕ್ಕೆ ಗಡಸು ಮೈಯೂ ನೀಲಿ-ಕಂದು ಬಣ್ಣವೂ ಬರುತ್ತವೆ. ಆ ಬಣ್ಣ ಬಹಳ ತೆಳು; ಹುಣಸೆಯ ಹುಳಿಗೂ ತಡೆಯದು, ಉಜ್ಜಿಗೂ ತಡೆಯದು. ತುಕ್ಕಿನ ಪಾಠ ಮಾಡುವಾಗ ಪ್ರನಾಳದಲ್ಲಿ ಮೊಳೆಗಳನ್ನಿಟ್ಟು ತೋರಿಸುತ್ತಿದ್ದೆನಲ್ಲ, ಅದು ಕೆಂಪು ತುಕ್ಕು; ಅದನ್ನು ತೆಗೆಯಲೇಬೇಕು. ಹಳೆಯ ಉಕ್ಕಿನ ಮೇಲೆ ಗಟ್ಟಿಯಾಗಿ ಕುಳಿತ ಕಪ್ಪುಮೈಯನ್ನು ಮುಟ್ಟಬಾರದು.

ಈ ಸಲ ಹುಡುಗನನ್ನು ಜಗಲಿಯಲ್ಲಿ ಕೂರಿಸಿಕೊಂಡೆ. ಮೊದಲು ಕೋವಿಯನ್ನು ಮುರಿದು, ಎರಡೂ ನಳಿಗೆ ಖಾಲಿಯೆಂದು ಅವನ ಕಣ್ಣಿನಿಂದಲೇ ನೋಡಿಸಿದೆ. ನಂತರ ಹೊಲಿಗೆಯಂತ್ರದ ಎಣ್ಣೆಯನ್ನು ಬಟ್ಟೆಯ ತುದಿಯಲ್ಲಿ ತೊಟ್ಟುತೊಟ್ಟಾಗಿ ಫಲಕಕ್ಕೆ ಮಾತ್ರ ಹಚ್ಚಿ ರಾತ್ರಿಯಿಡೀ ಬಿಟ್ಟೆವು. ಮರಕ್ಕೆ ಎಣ್ಣೆ ಇಳಿಯಬಾರದು. ಇಳಿದರೆ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವ ಹಳೆಯ ಮೆದು ಬ್ರಷ್ಷು, ಬಿದಿರಿನ ಚೂಪು ಕಡ್ಡಿ, ಭೂತಗನ್ನಡಿ. ಗೆರೆಗಳಲ್ಲಿ ಗಟ್ಟಿಯಾಗಿದ್ದ ಹಳೆಯ ಎಣ್ಣೆಯ ಜಿಡ್ಡು ಕಂದು ಪುಡಿಯಾಗಿ ಹೊರಬಂತು. ತಿರುಪುಗಳನ್ನು ಬಿಚ್ಚಲು ಅವನು ತವಕಿಸಿದ; ಬಿಡಲಿಲ್ಲ. ಸರಿಹೊಂದದ ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಬಳ್ಳಿಯ ನಡುವೆ ಹೊಸದೊಂದು ಗೆರೆ ಬೀಳುತ್ತದೆ, ಅದು ಹೋಗುವುದಿಲ್ಲ.

ಎರಡು ಗಂಟೆಯ ಹೊತ್ತಿಗೆ ಎಡಫಲಕದ ಹಕ್ಕಿಯ ಕಣ್ಣು ಕಾಣಿಸಿತು. ಸಾಸಿವೆಗಿಂತ ಚಿಕ್ಕ ಚುಕ್ಕೆ, ಸುತ್ತ ಒಂದು ಕೂದಲೆಳೆಯ ಗೆರೆ. ಇಷ್ಟು ವರ್ಷ ನಾನೂ ನೋಡಿರಲಿಲ್ಲ.

"ಈ ಕಡೆಯದು ಯಾಕೆ ಹೀಗಾಗಿದೆ, ದೊಡ್ಡಪ್ಪ?" ಎಂದು ಅವನು ಬಲಕ್ಕೆ ತಿರುಗಿಸಿದ. ಹೇಳಿದೆ. ಐವತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಒಬ್ಬರ ಮುಂದೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ ನಿಜವಾಗಿಯೂ ಬೈಯಲೇ ಇಲ್ಲವೆ?" ಎಂದಷ್ಟೇ ಕೇಳಿದ.

ಬಲಫಲಕಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಜಿಡ್ಡು ನಿಲ್ಲಲು ಅಲ್ಲಿ ಗೆರೆಗಳೇ ಇಲ್ಲ.