ಕೋನಿಸ್ಟನ್ ಸರೋವರದಲ್ಲಿ ಹಾಯಿಯ ಪಾಠ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಬೆಟ್ಟಗಳ ನಡುವೆ ಸರೋವರಗಳು ಹರಡಿಕೊಂಡಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಸೀಮೆಯಿದೆ. 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸೀಮೆಯಲ್ಲಿ ಹಿಂದೊಮ್ಮೆ ಹಿಮನದಿ ಕೊರೆದ ಕಣಿವೆಯೊಂದರಲ್ಲಿ ಕೋನಿಸ್ಟನ್ ಸರೋವರ ಮಲಗಿದೆ. ಉದ್ದ ಸುಮಾರು 8 ಕಿಲೋಮೀಟರ್. ಅಗಲ ಒಂದು ಕಿಲೋಮೀಟರಿಗೂ ಕಡಿಮೆ. ಆಳ ಮಾತ್ರ 56 ಮೀಟರ್. ಪಶ್ಚಿಮಕ್ಕೆ ‘ಓಲ್ಡ್ ಮ್ಯಾನ್’ ಎಂಬ 800 ಮೀಟರಿಗೂ ಎತ್ತರದ ಬೆಟ್ಟ, ಪೂರ್ವಕ್ಕೆ ಕಾಡು.

ಪೂರ್ವ ದಂಡೆಯ ಬ್ರಾಂಟ್‌ವುಡ್ ಎಂಬ ಮನೆಯಲ್ಲಿ ಚಿಂತಕ ಜಾನ್ ರಸ್ಕಿನ್ 1872ರಿಂದ 1900ರಲ್ಲಿ ತೀರಿಕೊಳ್ಳುವವರೆಗೂ ವಾಸಿಸಿದ್ದ. 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಗಾಂಧೀಜಿ ಓದಿ, ಮುಂದೆ ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ತಂದ ಪುಸ್ತಕ ಇದೇ ರಸ್ಕಿನ್ನನದು. ಜೆಟ್ ಎಂಜಿನ್ನಿನ ‘ಬ್ಲೂಬರ್ಡ್’ ದೋಣಿಯಲ್ಲಿ ಗಂಟೆಗೆ 480 ಕಿ.ಮೀ.ಗೂ ಮೀರಿದ ವೇಗದಲ್ಲಿ ಸಾಗುತ್ತಿದ್ದ ಡೊನಾಲ್ಡ್ ಕ್ಯಾಂಪ್‌ಬೆಲ್ 1967ರ ಜನವರಿ 4ರಂದು ಪ್ರಾಣ ಕಳೆದುಕೊಂಡದ್ದೂ ಇದೇ ನೀರಿನಲ್ಲಿ. ಆದರೆ ಈ ಸರೋವರವನ್ನು ಜಗತ್ತಿನ ಮಕ್ಕಳಿಗೆ ಪರಿಚಯಿಸಿದ್ದು ವೇಗದ ದೋಣಿಯಲ್ಲ, ಗಾಳಿಯನ್ನೇ ನಂಬಿ ನಿಧಾನವಾಗಿ ಸಾಗುವ ಪುಟ್ಟ ಹಾಯಿದೋಣಿ.

1928ರ ಬೇಸಿಗೆಯಲ್ಲಿ ಅರ್ನೆಸ್ಟ್ ಆಲ್ಟೂನ್ಯಾನ್ ಎಂಬ ವೈದ್ಯ ಸಿರಿಯಾದ ಅಲೆಪ್ಪೊ ನಗರದಿಂದ ಹೆಂಡತಿ ಮಕ್ಕಳೊಂದಿಗೆ ಇಲ್ಲಿನ ಮಾವನ ಮನೆಗೆ ಬಂದ. ಮಕ್ಕಳು ಕಲಿಯಲೆಂದು ‘ಸ್ವಾಲೋ’ ಮತ್ತು ‘ಮೇವಿಸ್’ ಎಂಬ ಎರಡು ದೋಣಿಗಳು ಬಂದವು. ಕಲಿಸಲು ನೆರವಾದವನು ಕುಟುಂಬದ ಸ್ನೇಹಿತ, ಪತ್ರಕರ್ತ ಆರ್ಥರ್ ರಾನ್ಸಮ್. ಆ ಬೇಸಿಗೆಯ ನೆನಪಿನಿಂದ ಹುಟ್ಟಿದ ಅವನ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ ಕಾದಂಬರಿ 1930ರಲ್ಲಿ ಪ್ರಕಟವಾಯಿತು. ಸರೋವರದ ದಕ್ಷಿಣಕ್ಕಿರುವ ಪೀಲ್ ಎಂಬ ಪುಟ್ಟ ನಡುಗಡ್ಡೆ ಕಾದಂಬರಿಯ ದ್ವೀಪಕ್ಕೆ ಮಾದರಿಗಳಲ್ಲೊಂದು.

ಆ ಕಥೆ ಓದಿದವರಿಗೆ ತಾವೂ ಹಾಯಿ ಬಿಚ್ಚಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ದೋಣಿಯ ಬೆಲೆ? ಈ ಪ್ರಶ್ನೆಗೆ 1963ರಲ್ಲಿ ಒಂದು ಒಳ್ಳೆಯ ಉತ್ತರ ಸಿಕ್ಕಿತು. ಟೆಲಿವಿಷನ್ನಿನಲ್ಲಿ ಮನೆಗೆಲಸದ ಕೈಚಳಕ ಕಲಿಸುತ್ತಿದ್ದ ಬ್ಯಾರಿ ಬಕ್‌ನೆಲ್ ಮತ್ತು ದೋಣಿಗಳ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಸೇರಿ ರೂಪಿಸಿದ ಆ ದೋಣಿಗೆ, ಅದನ್ನು ಪ್ರಚಾರ ಮಾಡಿದ ‘ಡೇಲಿ ಮಿರರ್’ ಪತ್ರಿಕೆಯಿಂದಾಗಿ ‘ಮಿರರ್’ ಎಂದೇ ಹೆಸರಾಯಿತು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗಾಜಿನ ನಾರಿನ ಪಟ್ಟಿ ಮತ್ತು ಅಂಟು ಬಳಿದರೆ ಮನೆಯಲ್ಲೇ ದೋಣಿ ತಯಾರು! ಉದ್ದ 3.3 ಮೀಟರ್, ಮೊಂಡು ಮೂತಿ, ಕೆಂಪು ಹಾಯಿ, ಅಂದಿನ ಬೆಲೆ 63 ಪೌಂಡ್ 11 ಷಿಲಿಂಗ್. ಇಂಥ 70,000ಕ್ಕೂ ಹೆಚ್ಚು ದೋಣಿಗಳು ತಯಾರಾದವು. ಹಾಗಾಗಿ ಹೊಸಬರ ಕೈಗೆ ಬರುವುದು ಹೆಚ್ಚಾಗಿ ಯಾರದೋ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ವರ್ಷಗಟ್ಟಲೆ ಮಲಗಿದ್ದ ಹಳೆಯ ಮಿರರ್.

ಹಳೆಯ ದೋಣಿ ಕಠಿಣ ಮೇಷ್ಟ್ರಿದ್ದಂತೆ. ಬಣ್ಣ ಬಳಿದ ಮಾತ್ರಕ್ಕೆ ಅದು ತೇಲುವುದಿಲ್ಲ. ಮೊದಲು ಹಲಗೆಯನ್ನು ಬೆರಳಿನಿಂದ ತಟ್ಟಿ, ಒತ್ತಿ ನೋಡಬೇಕು. ಮೆತ್ತಗಾದರೆ ಅಲ್ಲಿ ಕೊಳೆತಿದೆ ಎಂದರ್ಥ. ಮಿರರ್ ಮಗುಚಿದರೂ ಮುಳುಗದಂತೆ ಅದರ ಒಡಲಲ್ಲಿ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿವೆ. ಇವುಗಳ ಸಂದು ಬಿಟ್ಟಿದ್ದರೆ ನೀರು ಒಳಗೆ ನುಗ್ಗುತ್ತದೆ, ಆರ್ಕಿಮಿಡೀಸನ ತತ್ವ ನಮ್ಮ ಪರವಾಗಿ ಕೆಲಸ ಮಾಡುವುದಿಲ್ಲ. ಬಿಸಿಲಿಗೆ ಒಣಗಿ ಜೀರ್ಣವಾದ ಹಗ್ಗಗಳನ್ನು ಮುಲಾಜಿಲ್ಲದೆ ಬದಲಿಸಬೇಕು.

ಅನಂತರ ಹಾಯಿ ಕಟ್ಟುವ ಕೆಲಸ. ದೋಣಿಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೇ ತಿರುಗಿಸಿ ನಿಲ್ಲಿಸಬೇಕು. ಹಾಗೆ ಮಾಡಿದರೆ ಹಾಯಿ ಬಾವುಟದಂತೆ ಪಟಪಟಿಸುತ್ತದೆಯೇ ಹೊರತು ದೋಣಿಯನ್ನು ಎಳೆಯುವುದಿಲ್ಲ. ಗಿಡ್ಡನೆಯ ಹಾಯಿಕಂಬವನ್ನು ನಿಲ್ಲಿಸಿ, ಮುಂದಕ್ಕೊಂದು, ಎಡಬಲಕ್ಕೆ ಒಂದೊಂದು ತಂತಿಯಿಂದ ಬಿಗಿಯಬೇಕು. ಹಾಯಿಯ ಮೇಲಂಚನ್ನು ಹಿಡಿದ ಇನ್ನೊಂದು ಕೋಲನ್ನು ಹಗ್ಗದಿಂದ ಎಳೆದರೆ ಅದು ಕಂಬದ ತುದಿಯನ್ನೂ ದಾಟಿ ನೆಟ್ಟಗೆ ಮೇಲೇರುತ್ತದೆ. ಎರಡು ಗಿಡ್ಡ ಕೋಲುಗಳು ಸೇರಿ ಒಂದು ಎತ್ತರದ ಕಂಬವಾಗುವ ಉಪಾಯ ಇದು. ಎಲ್ಲ ಕೋಲುಗಳೂ ದೋಣಿಯೊಳಗೇ ಹಿಡಿಸುವುದರಿಂದ ಕಾರಿನ ಮೇಲೆ ಹೇರಿಕೊಂಡು ಹೋಗಬಹುದು. ಇಷ್ಟೆಲ್ಲ ದಡದಲ್ಲೇ ಹತ್ತು ಸಲ ಕಟ್ಟಿ, ಬಿಚ್ಚಿ, ಕಣ್ಣು ಮುಚ್ಚಿಕೊಂಡು ಗಂಟು ಹಾಕುವಷ್ಟು ರೂಢಿಯಾದ ಮೇಲಷ್ಟೇ ನೀರಿಗಿಳಿಯುವುದು.

ಗಾಳಿ ಹಿಂದಿನಿಂದ ಬಂದರೆ ದೋಣಿ ಮುಂದೆ ಹೋಗುವುದು ಯಾರಿಗೂ ಅರ್ಥವಾಗುತ್ತದೆ. ಎದುರುಗಾಳಿಯಲ್ಲಿ ಮುಂದೆ ಹೋಗುವುದು ಹೇಗೆ? ಒದ್ದೆಯಾದ ನಿಂಬೆಯ ಬೀಜವನ್ನು ಎರಡು ಬೆರಳುಗಳ ನಡುವೆ ಹಿಸುಕಿ ನೋಡಿ, ಅದು ಮುಂದಕ್ಕೆ ಚಿಮ್ಮುತ್ತದೆ. ಇಲ್ಲಿಯೂ ಹಾಗೆಯೇ. ಓರೆಯಾಗಿ ಬೀಸುವ ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳುತ್ತದೆ. ದೋಣಿಯ ನಡುವಿನ ಸೀಳಿನಿಂದ ನೀರಿಗಿಳಿಸಿದ ಹಲಗೆ ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಉಳಿದ ದಾರಿ ಮುಂದಕ್ಕೆ ಒಂದೇ. ಆದರೂ ಗಾಳಿಯ ನೇರಕ್ಕೆ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನ ನಡೆಯಲ್ಲಿ ಸಾಗಬೇಕು. ರಾನ್ಸಮ್‌ನ ಕಾದಂಬರಿ ಆರಂಭವಾಗುವುದೇ ಹೀಗೆ. ಏಳು ವರ್ಷದ ರೋಜರ್ ತಾನೇ ಹಾಯಿಹಡಗೆಂದುಕೊಂಡು, ಎದುರುಗಾಳಿಯಲ್ಲಿ ಗುಡ್ಡದ ಹುಲ್ಲುಗಾವಲನ್ನು ಅಡ್ಡಡ್ಡ ಓಡುತ್ತಾ ಏರುತ್ತಾನೆ. ಮೇಲೆ ತಾಯಿ ತಂತಿಯೊಂದನ್ನು ಹಿಡಿದು ನಿಂತಿದ್ದಾಳೆ. ಮಕ್ಕಳು ತಾವೇ ದೋಣಿ ನಡೆಸಿಕೊಂಡು ದ್ವೀಪಕ್ಕೆ ಹೋಗಬಹುದೆಂದು ದೂರದ ಹಡಗಿನಿಂದ ತಂದೆ ಕಳುಹಿಸಿದ ಒಪ್ಪಿಗೆ ಅದು.

ಆ ಒಪ್ಪಿಗೆ ತಂದೆತಾಯಿಯರು ಯೋಚಿಸಬೇಕಾದ ಸಂಗತಿ. ಕೋನಿಸ್ಟನ್ ಚಿತ್ರದಲ್ಲಿ ಕಾಣುವಷ್ಟು ಸಾಧುವಲ್ಲ. ಬೆಟ್ಟದ ಮರೆಯಲ್ಲಿ ಗಾಳಿ ಸತ್ತಂತಿದ್ದು, ಕಣಿವೆಯ ಬಾಯಿಗೆ ಬಂದೊಡನೆ ಮೇಲೆರಗಿ ದೋಣಿಯನ್ನು ಮಗುಚಬಹುದು. ಆಳವಾದ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿಗೆ ಥಟ್ಟನೆ ಬಿದ್ದರೆ ಉಸಿರು ತಾನಾಗಿ ಏದುತ್ತದೆ. ಆಗ ಬಾಯಿಗೆ ನೀರು ಹೋದರೆ ಒಳ್ಳೆಯ ಈಜುಗಾರನೂ ಉಳಿಯುವುದು ಕಷ್ಟ. ಮೊದಲ ಕೆಲವು ನಿಮಿಷಗಳನ್ನು ತೇಲುತ್ತಾ ಕಳೆದರೆ ಉಸಿರು ಹಿಡಿತಕ್ಕೆ ಬರುತ್ತದೆ. ಅದಕ್ಕೇ ಇಂದು ತೇಲುವ ಜಾಕೀಟು ತೊಡದೆ ಕಲಿಯುವವರನ್ನು ದೋಣಿಗೆ ಹತ್ತಿಸುವುದಿಲ್ಲ. ದಡದ ಹತ್ತಿರ, ಬಲ್ಲವರ ಕಣ್ಣಮುಂದೆ ದೋಣಿಯನ್ನು ಬೇಕೆಂದೇ ಮಗುಚಿಸಿ, ನಡುವಿನ ಹಲಗೆಯ ಮೇಲೆ ನಿಂತು ಅದನ್ನು ಮತ್ತೆ ಎಬ್ಬಿಸುವುದು ಮೊದಲ ಪಾಠಗಳಲ್ಲೊಂದು. ದೋಣಿಯನ್ನು ಬಿಟ್ಟು ದಡದತ್ತ ಈಜಬಾರದು ಎಂಬುದು ಎರಡನೆಯದು. ಕಾದಂಬರಿಯ ತಂದೆಯೂ ಕಣ್ಣು ಮುಚ್ಚಿ ಒಪ್ಪಿಗೆ ಕೊಟ್ಟವನಲ್ಲ, ಆ ಮಕ್ಕಳಿಗೆ ದೋಣಿ ನಡೆಸುವ ವಿದ್ಯೆ ಮೊದಲೇ ಗೊತ್ತಿತ್ತು. ಹೆದರಿ ಮನೆಯಲ್ಲಿ ಕೂಡಿಹಾಕುವುದಕ್ಕೂ, ಹೇಗಾದರಾಗಲಿ ಎಂದು ಬಿಟ್ಟುಬಿಡುವುದಕ್ಕೂ ನಡುವೆ ಸಿದ್ಧಗೊಳಿಸಿ ಕಳುಹಿಸುವುದೆಂಬ ಮೂರನೆಯ ದಾರಿಯಿದೆ.

1928ರಲ್ಲಿ ಇಲ್ಲಿ ದೋಣಿ ಹತ್ತಿದ ಆಲ್ಟೂನ್ಯಾನ್ ಮಕ್ಕಳಲ್ಲಿ ನಿಜವಾದ ರೋಜರನೂ ಇದ್ದ. 1922ರಲ್ಲಿ ಹುಟ್ಟಿದ ಈತ ಮುಂದೆ ಯುದ್ಧಕಾಲದಲ್ಲಿ ವಿಮಾನ ಹಾರಿಸುವುದನ್ನು ಕಲಿಸಿದ, ಬಳಿಕ ವೈದ್ಯನಾದ. ಸ್ವತಃ ಉಬ್ಬಸದ ರೋಗಿಯಾಗಿದ್ದ ಆತ ಬೇಕೆಂದೇ ತನಗೆ ಉಬ್ಬಸ ಬರಿಸಿಕೊಂಡು, ಹೊಸ ಹೊಸ ಸಂಯುಕ್ತಗಳನ್ನು ವರ್ಷಗಟ್ಟಲೆ ತನ್ನ ಮೇಲೆಯೇ ಪರೀಕ್ಷಿಸಿಕೊಂಡ. ಅದರ ಫಲವಾಗಿ 1960ರ ದಶಕದಲ್ಲಿ ಸೋಡಿಯಂ ಕ್ರೋಮೋಗ್ಲೈಕೇಟ್ ಎಂಬ ಔಷಧಿ ರೋಗಿಗಳಿಗೆ ದೊರೆಯಿತು. ಅದರ ಪುಡಿಯನ್ನು ಶ್ವಾಸಕೋಶಕ್ಕೆ ಸೇರಿಸಲು ಆತ ರೂಪಿಸಿದ ಉಪಕರಣದಲ್ಲಿ ರೋಗಿಯ ಉಸಿರಿನಿಂದಲೇ ತಿರುಗುವ ಪುಟ್ಟ ಪಂಖವಿತ್ತು.

ಕೋನಿಸ್ಟನ್ನಿಗೆ ಹೋಗಬಯಸುವವರು ಲಂಡನ್ನಿನಿಂದ ರೈಲಿನಲ್ಲಿ ವಿಂಡರ್‌ಮಿಯರ್‌ವರೆಗೆ ಬಂದು, ಮುಂದೆ ಬಸ್ಸು ಹಿಡಿಯಬಹುದು. ಬೇಸಿಗೆಯ ದಿನ ದಂಡೆಯಲ್ಲಿ ನಿಂತರೆ ಬಿಳಿ ಹಾಯಿಗಳ ನಡುವೆ ಕೆಂಪು ಹಾಯಿಯೊಂದು ತಡವರಿಸುತ್ತಾ, ಅಡ್ಡಡ್ಡ ತಿರುಗುತ್ತಾ ಎದುರುಗಾಳಿಯಲ್ಲಿ ಸಾಗುವುದು ಕಂಡೀತು. ಅದು ತಲುಪುವುದು ತಡವಾಗಬಹುದು. ಅಂಥ ದೋಣಿಯನ್ನು ಗೇಲಿ ಮಾಡದೆ ನೋಡಿ, ಅದರಲ್ಲಿ ಯಾರೋ ಕಲಿಯುತ್ತಿದ್ದಾರೆ.